ಯಾರಿಗೆ ಮೂರನೇ ನಂಬರು?

ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿದ್ದ ಮನೆತನದ ಮೂರು ಪಂಪ್‌ಸೆಟ್ ಅಂಗಡಿಗಳಿಗೂ ಎರಡು ಸಾವಿರದ ಒಂದರಲ್ಲಿ ಕಂಪ್ಯೂಟರ್ ಬಂದವು. ಫೋನ್ ಲೈನಿನ ಮೇಲೆ ಅವನ್ನು ಜೋಡಿಸುವ ಕೆಲಸ ಸೊಸೆ ತ್ರಿಶಲಾಳದು. ಯಾವ ಬೇರಿಂಗ್ ಯಾವ ಅಂಗಡಿಯಲ್ಲಿದೆಯೆಂದು ಕೂತಲ್ಲೇ ಗೊತ್ತಾಗಬೇಕು, ಅಷ್ಟೇ. ಆದರೆ ಮಾವನ ತಮ್ಮ, ಮೂಡಲಗಿ ಅಂಗಡಿಯ ಭರತೇಶ ಕಾಕಾ ಮೊದಲೇ ಗುಡುಗಿದ್ದರು.

"ಇವತ್ತು ಸಂಜಿ ಒಳಗ ನಡೀಲಿಲ್ಲಂದ್ರ ಕಂಪ್ಯೂಟರ್ ವಾಪಸ್, ತ್ರಿಶಲಾ ಅಡಗಿಮನಿಗೆ!"

ತ್ರಿಶಲಾಳಿಗೆ ಅಡಿಗೆ ಬೇಸರವಲ್ಲ. ಆದರೆ ತವರಾದ ಬೆಲ್ಲದ ಬಾಗೇವಾಡಿಯಿಂದ ದಿನವೂ ಬಸ್ಸು ಹತ್ತಿ ಕಲಿತ ವಿದ್ಯೆ ಒಲೆಗೆ ಹೋಗಬಾರದೆಂಬ ಹಟ ಅವಳದು.

ಈ ಯಂತ್ರಗಳ ನಿಯಮ ಬಲು ಕಟ್ಟುನಿಟ್ಟು. ಒಂದೊಂದಕ್ಕೂ ಬೇರೆ ನಂಬರಿರಬೇಕು, ಎರಡಕ್ಕೆ ಒಂದೇ ಕೊಟ್ಟರೆ ಎರಡೂ ಮುನಿಸಿಕೊಂಡು ಕೂರುತ್ತವೆ. ಮಾವನ ಗೋಕಾಕ ಅಂಗಡಿಗೆ ಒಂದು, ಮೊದಲು ಜೋಡಿಸಿದ ಹುಕ್ಕೇರಿಗೆ ಎರಡು, ಮೂಡಲಗಿಗೆ ಮೂರು ಎಂದು ಅವಳು ಹಚ್ಚಿ ಬಂದಿದ್ದಳು. ಬೆಳಿಗ್ಗೆ ಹುಕ್ಕೇರಿಯ ಯಂತ್ರ ಗೋಕಾಕದ್ದಕ್ಕೆ ಜೋಡಿಯಾಯಿತು. ಮೂಡಲಗಿಯದು ಸೇರಿದ್ದೇ ತಡ, ಎರಡರ ಸಂಪರ್ಕವೂ ಕಡಿಯಿತು. ನಾಲ್ಕು ಗಂಟೆಯವರೆಗೆ ಹೀಗೇ. ಕೊನೆಗೆ ಗೋಕಾಕ ಅಂಗಡಿಯಿಂದ ಮೂಡಲಗಿಯ ಗುಮಾಸ್ತ ಕೇದಾರಿಗೆ ಫೋನ್ ಮಾಡಿ, ಅಲ್ಲಿನ ನಂಬರು ಓದಿಸಿದಳು.

"ಎರಡು ಐತ್ರಿ ಅಕ್ಕಾರ. ಕಾಕಾ ಬದಲ ಮಾಡಿಸ್ಯಾರ. ತಮ್ಮಗ ಎರಡು, ಅಣ್ಣಗ ಮೂರು ಹೆಂಗಂತ."

ಹುಕ್ಕೇರಿಯ ಗೊಮ್ಮಟೇಶ ಅವರ ತಮ್ಮ. ತ್ರಿಶಲಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ತಪ್ಪು ನಿಮ್ಮದೆಂದು ಹಿರಿಯರಿಗೆ ಹೇಳಲು ಅವಳ ನಾಲಿಗೆ ಏಳಲಿಲ್ಲ. ಮನೆಯಿಂದ ಚಹಾ ತಂದು ಎಲ್ಲ ಕೇಳುತ್ತ ಕೂತಿದ್ದ ಅತ್ತೆ ಕಮಲಾಬಾಯಿ ಫೋನ್ ಕಸಿದುಕೊಂಡು ಕಾಕಾನನ್ನು ಕರೆಸಿದಳು.

"ಭರತೇಶಾ, ಒಂದನೇ ನಂಬರು ನೀ ತಗೋ. ಮೂರು ನನಗಿರ್ಲಿ."

ಅತ್ತಿಗೆಯ ಮಾತಿಗೆ ಕಾಕಾ ಗಡಬಡಿಸಿದರು.

"ಬ್ಯಾಡ್ರಿ ವೈನಿ. ನೀವು ಮನಿಗೆ ಹಿರ್ಯಾರು. ಮೂರು ನನಗ ಇರ್ಲಿ. ಈಗ ಬದಲ ಮಾಡಸ್ತೇನಿ."

ಐದು ನಿಮಿಷದಲ್ಲಿ ಮೂರೂರಿನ ಬೇರಿಂಗುಗಳು ಒಂದೇ ಪರದೆಯ ಮೇಲೆ ಸಾಲಾಗಿ ಮೂಡಿದವು. ಕಾಕಾನ ಫೋನ್ ಮತ್ತೆ ಬಂತು.

"ತ್ರಿಶಲಾ, ನಾಳೆ ಬಂದು ನನಗೂ ಕಲಿಸವ್ವ."

ಫೋನಿಟ್ಟ ತ್ರಿಶಲಾಳ ಕಣ್ಣು ತುಂಬಿ ಬಂತು.

"ಅತ್ಯಾರ, ಮನಿಗೆ ಹಿರ್ಯಾರು ನೀವು. ನನ್ನ ಸಲುವಾಗಿ ಕೊನೀ ನಂಬರು ತಗೊಳ್ಳಾಕ ಹೊಂಟಿದ್ರಿ. ನಿಮ್ಮ ಉಪಕಾರ ಹೆಂಗ ತೀರಸ್ಲಿ?"

ಕಮಲಾಬಾಯಿ ಸೆರಗಿನಿಂದ ಅವಳ ಕಣ್ಣೊರೆಸಿದಳು.

"ತೀರಸಬ್ಯಾಡ. ನಾ ಸೊಸಿಯಾಗಿ ಬಂದಾಗ ನನಗ ಯಾರೂ ಅಂಗಡಿ ಮೆಟ್ಟಲ ಹತ್ತಗೊಡಲಿಲ್ಲ. ನೀನು ಇಳೀಬ್ಯಾಡ."