ಹೊಳೆಗೆ ಹೆಸರು ಹೇಳುವುದು

"ಆ ಮುದುಕೀನ ಯಾರಾದ್ರೂ ಹಿಡ್ದು ಕೂರಿಸ್ರಯ್ಯಾ! ಬಾಯ್ಬಿಟ್ರೆ ಬರೀ ಗೋಳು. ಪುಕ್ಸಟ್ಟೆ ಕೊಟ್ಟಿದ್ದೂ ಸಾಲ್ದು ಈ ಜನಕ್ಕೆ."

ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತು, ತಲೆಯನ್ನೂ ತಿರುಗಿಸದೆ ಹೀಗೆಂದವನು ಬ್ರಾಡಿ. ಮೇಲ್ಗಡೆ ಬಾಕಾ ಹೊಳೆಗೆ ಪಂಪು ಇಳಿಬಿಟ್ಟು, ಕಣ್ಣು ಹಾಯುವಷ್ಟು ದೂರ ಹತ್ತಿ ಬೆಳೆಯುವ ಸಾಹುಕಾರ. ಮುದುಕಿ ನೋಲೀನ್ ಕೂರಲಿಲ್ಲ. ಕಂಕುಳಲ್ಲಿ ಅವಳ ತಮ್ಮನ ಮೊಮ್ಮಗಳು ಡೆನಿಷಾ ಇದ್ದಳು. ತಮ್ಮನ ಹೆಣ ಇನ್ನೂ ಆಸ್ಪತ್ರೆಯ ಶವಾಗಾರದಲ್ಲೇ ಇತ್ತು.

ಸಭಾಂಗಣದ ಗೋಡೆಯ ಮೇಲೆ ಹೊಳೆ ಹರಿಯುತ್ತಿತ್ತು. ನೀರಿನ ಆಫೀಸಿನ ಕ್ಯಾಲಂ ಕಂಪ್ಯೂಟರಿನ ಗುಂಡಿ ಒತ್ತಿದ ಹಾಗೆಲ್ಲ ಗೋಡೆಗೆ ಬಿದ್ದ ನಕ್ಷೆಯಲ್ಲಿ ನೀಲಿ ಗೆರೆಯೊಂದು ಅಣೆಕಟ್ಟು ಬಿಟ್ಟು, ಹತ್ತಿಹೊಲಗಳನ್ನು ದಾಟಿ, ಊರೂರು ಮುಟ್ಟುತ್ತಾ ಇಳಿಯುತ್ತಿತ್ತು. ಯಾರಿಗೆ ಎಷ್ಟು ನೀರು, ಯಾವಾಗ, ಎಲ್ಲವನ್ನೂ ಈ ಕಂಪ್ಯೂಟರೇ ಲೆಕ್ಕ ಹಾಕುತ್ತದಂತೆ. ಹೋದ ಸಭೆಯಲ್ಲೂ ಇದೇ ಗೆರೆ ತೋರಿಸಿ, "ಆಂಟಿ, ಗುರುವಾರ ನಿಮ್ಮೂರ್ಗೆ ನೀರು ಬರ್ತದೆ" ಎಂದಿದ್ದ. ಸುಳ್ಳು ಹೇಳುವ ಮುಖವಲ್ಲ ಅವನದು. ನೋಲೀನ್ ನಂಬಿದಳು.

ನಂಬಿ ತಮ್ಮನಿಗೆ ಫೋನು ಹಚ್ಚಿದಳು. ಮೂತ್ರಪಿಂಡ ಕೆಟ್ಟು, ಅವನು ದೂರದ ಪೇಟೆಯಲ್ಲಿ ರಕ್ತ ತೊಳೆಯುವ ಮಿಷನ್ನಿಗೆ ಅಂಟಿಕೊಂಡು ಬದುಕಿದ್ದ. ಮೊಮ್ಮಗಳು ಹುಟ್ಟಿದ್ದೂ ಅಲ್ಲೇ. ಕೂಸು ಇನ್ನೂ ಹೊಳೆ ಕಂಡಿರಲಿಲ್ಲ. ಆ ನೆಲದ ಮೂಲನಿವಾಸಿಗಳಾದ ಅವರಲ್ಲಿ ಹುಟ್ಟಿದ ಕೂಸನ್ನು ಮನೆಯ ಹಿರಿಯರು ಹೊಳೆಗೆ ಪರಿಚಯ ಮಾಡಿಸಬೇಕು. ಹಿಡಿ ಮರಳಿಗೆ ತಮ್ಮ ಕಂಕುಳ ಬೆವರು ಸವರಿ, ನೀರಿಗೆಸೆದು, ಕೂಸಿನ ಹೆಸರು ಕೂಗಬೇಕು. ಆಗಲೇ ಹೊಳೆಯನ್ನು ಕಾಯುವ ನೀರೊಳಗಿನ ಹಾವಿಗೆ ಇದು ತನ್ನವರ ಕೂಸು ಎಂದು ಗೊತ್ತಾಗುವುದು. ಹೇಳದಿದ್ದರೆ ಆ ಕೂಸು ತನ್ನ ನೆಲದಲ್ಲೇ ಪರದೇಶಿ.

"ಮಿಷನ್ನು ತಪ್ಪಿಸ್ಬ್ಯಾಡ ಕಣೋ, ಸತ್ತೋಯ್ತೀಯ" ಎಂದು ನೋಲೀನ್ ಗದರಿದ್ದಳು.

"ಒಂದ್ಸಲ ತಪ್ಪುದ್ರೆ ಏನಾಯ್ತದಕ್ಕಾ? ಗುರುವಾರ ನೀರು, ಶುಕ್ರವಾರ ವಾಪಸ್ಸು. ಕೂಸಿಗೆ ಹೊಳೆ ತೋರಿಸ್ದೆ ಸತ್ರೆ, ಮೊದ್ಲೇ ಹೋದ ಅವ್ವ ನನ್ನ ಒಳಕ್ಕೇ ಬಿಟ್ಕಳಕ್ಕಿಲ್ಲ."

ಬಂದ. ಒಣಗಿದ ಪಾತ್ರದಲ್ಲಿ, ನೀಲಗಿರಿ ಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕೆಸರು ಬಿರುಕುಬಿಟ್ಟು ಸತ್ತ ಮೀನಿನ ನಾತ ಹೊಡೆಯುತ್ತಿತ್ತು. ಗುರುವಾರ ಕಳೆಯಿತು. ಬ್ರಾಡಿಯ ಪಂಪುಗಳು ಒಂದು ಗಳಿಗೆಯೂ ನಿಂತಿಲ್ಲವೆಂದು ಹೊಳೆಯ ಮೇಲ್ಗಡೆಯಿಂದ ಬಂದ ಲಾರಿಯವನು ಹೇಳಿದ. ಶುಕ್ರವಾರ ತಮ್ಮನ ಮುಖ ಊದಿಕೊಂಡಿತು.

"ಏಳೋ, ಹೋಗಾನ."

"ಇನ್ನೊಂದಿನ ನೋಡಾನ ಅಕ್ಕಾ. ಅಷ್ಟು ದೊಡ್ಡ ಕಂಪ್ಯೂಟ್ರು ಸುಳ್ಳು ಹೇಳ್ತದಾ?"

ಶನಿವಾರ ಅದೇ ಕುರ್ಚಿಯಲ್ಲಿ ಉಸಿರು ಸಿಕ್ಕದೆ ಸತ್ತ. ಹಿಡಿಯಲ್ಲಿ ಮರಳಿತ್ತು. ನೋಲೀನ್ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಮರಳನ್ನು ಚಹಾಪುಡಿಯ ಡಬ್ಬಿಗೆ ತುಂಬಿಕೊಂಡಳು. ಎದೆಯೊಡೆದು ಅತ್ತಳು.

ಈಗ ಸಭೆಯಲ್ಲಿ ಕ್ಯಾಲಂ ಮೆತ್ತಗೆ ಹೇಳಿದ: "ಆಂಟಿ, ನಿಮ್ ಸಂಕಟ ಅರ್ಥ ಆಯ್ತದೆ. ಆದ್ರೆ ನಮ್ ಲೆಕ್ಕದಲ್ಲಿ ನೀರು ಗುರುವಾರನೇ ಬಂದದೆ."

"ಬಂದದಾ?"

"ನೋಡಿ, ಇಲ್ಲೇ. ಇದೇ ನಿಮ್ಮೂರು."

"ಈ ಬ್ರಾಡಿ ನನ್ಮಗ ಎಳ್ಕಂಡಿದ್ದು ಕಾಣ್ತದಾ ಅದ್ರಲ್ಲಿ?"

ಕ್ಯಾಲಂ ತಡವರಿಸಿದ. "ಅವ್ರು... ಎಷ್ಟು ಹಕ್ಕದೋ ಅಷ್ಟೇ ಎಳೀತಾರೆ ಅಂತ ಲೆಕ್ಕಕ್ಕೆ ಹಾಕಿದೀವಿ."

"ಕೇಳ್ಸ್ತಾ? ಮುಗೀತು. ಮುಂದಿಂದು ತೋರ್ಸಯ್ಯಾ" ಎಂದ ಬ್ರಾಡಿ. ಹಿಂದೆ ಯಾರೋ ನಕ್ಕರು.

ನೋಲೀನ್ ಕೂಸನ್ನು ಎತ್ತಿಕೊಂಡೇ ನೆಟ್ಟಗೆ ಮುಂದಕ್ಕೆ ನಡೆದಳು. ಮೇಜಿನ ಮೇಲೆ ಡಬ್ಬಿಯ ಮುಚ್ಚಳ ತೆರೆದಳು.

"ಏಯ್, ಬೆಳಕಿಗೆ ಅಡ್ಡ ಬರ್ಬ್ಯಾಡ ಹೋಗೇ!" ಎಂದು ಬ್ರಾಡಿ ಅರಚಿದ.

"ಮುಚ್ಕಂಡು ಕೂತ್ಕಳೋ ಬೇವರ್ಸಿ. ನೀರು ಬಂದದಂತಲ್ಲ, ನನ್ ತಮ್ಮನ ಕೆಲ್ಸ ಮುಗ್ಸಬೇಕು."

ಹಿಡಿ ಮರಳು ತೆಗೆದು, ಅಂಗಿಯೊಳಗೆ ಕೈ ತೂರಿಸಿ ಕಂಕುಳ ಬೆವರು ಸವರಿದಳು. ತನ್ನೂರಿನ ಹೆಸರಿದ್ದ ಜಾಗ ನೋಡಿ ಬೀಸಿ ಎಸೆದಳು. ಮರಳು ನೀಲಿ ಗೆರೆಗೆ ಬಡಿದು, ಕ್ಯಾಲಂನ ತಲೆಯ ಮೇಲೆ, ಕಂಪ್ಯೂಟರಿನ ಗುಂಡಿಗಳ ಸಂದಿಗೆ ಜರಜರನೆ ಉದುರಿತು.

"ಡೆನಿಷಾ!" ಎಂದು ಕೂಗಿದಳು. "ಇವ್ಳ ಹೆಸ್ರು ಡೆನಿಷಾ! ನಮ್ ಕೂಸು! ಗುರ್ತು ಇಟ್ಕೋ!"

 ಬಾಗಿಲ ಬಳಿಯಿದ್ದ ಪೊಲೀಸಿನವನು ಬೆಲ್ಟು ಸರಿಮಾಡಿಕೊಂಡು ಎದ್ದ. ಗೋಡೆಯ ಮೇಲೆ ಹೊಳೆ ಮೊದಲಿನ ಹಾಗೆಯೇ ಹರಿಯುತ್ತಿತ್ತು. ನೋಲೀನ್ ಕೂಸನ್ನು ಎತ್ತಿಕೊಂಡು ಗೋಡೆಯ ಹತ್ತಿರಕ್ಕೇ ಹೋಗಿ ನಿಂತಳು.

ಕೂಸಿನ ಮುಖಕ್ಕೆ ನೀಲಿ ಬೆಳಕು ಬಿತ್ತು. ಅದು ಕೇಕೆ ಹಾಕಿ ಬಗ್ಗಿ, ಎರಡೂ ಅಂಗೈಯಿಂದ ಗೋಡೆಯನ್ನು ಸವರಿತು. ಆಮೇಲೆ ಕೈಯನ್ನು ಬಾಯಿಗಿಟ್ಟುಕೊಂಡು ಚೀಪಿತು. ಬಾಯಿಗೆ ಸಿಕ್ಕಿದ್ದು ಗೋಡೆಯ ಸುಣ್ಣ. ಕೂಸು ಅಳತೊಡಗಿತು.