ಚಿವುಟುವ ಮೊದಲೇ

ಒಂದು ಸಲ ಒತ್ತಿದರೆ ತೋಳು. ಎರಡು ಸಲ ಒತ್ತಿದರೆ ಕೆನ್ನೆ. ಮೂರು ಸಲವಾದರೆ ಕಿವಿ. ಅಕ್ಕ-ತಂಗಿ ಇಬ್ಬರ ಹದಿನಾಲ್ಕು ವರ್ಷದ ಹೊಟ್ಟೆಪಾಡು ಈ ಬೆರಳ ಲೆಕ್ಕದ ಮೇಲೆ ನಿಂತಿತ್ತು ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ಆ ಡೇರೆಯೊಳಗೆ ಕೂತಿದ್ದರೆ ನೀವೂ ಬಾಯಿ ಬಿಟ್ಟುಕೊಂಡೇ ನೋಡುತ್ತಿದ್ದಿರಿ.

ಊರೂರು ಸುತ್ತುವ ವಿಚಿತ್ರ ಮನುಷ್ಯರ ಪ್ರದರ್ಶನ ಅದು. ಗಡ್ಡದಮ್ಮ ಇದ್ದಳು, ಅವಳ ಗಡ್ಡ ಅಪ್ಪಟ ಅಸಲಿ. ಕತ್ತಿ ನುಂಗುವ ಕತ್ತಿಯಣ್ಣ ಇದ್ದ, ಅವನ ಕತ್ತಿಯೂ ಅಸಲಿ. ಕೊನೆಗೆ ಬರುತ್ತಿದ್ದವರು ‘ಸೊಂಟ ಅಂಟಿಕೊಂಡು ಹುಟ್ಟಿದ ಸೋದರಿಯರು’. ಇವರು ಮಾತ್ರ ಹಸಿ ಸುಳ್ಳು. ಎರಡು ಕೊರಳಿನ ಒಂದೇ ಅಂಗಿಯೊಳಗೆ ಎಡಕ್ಕೆ ಅಕ್ಕ, ಬಲಕ್ಕೆ ಚಿಕ್ಕವಳು. ಹೊರಗೆ ಕಾಣುವುದು ಇಬ್ಬರಿಂದ ಎರಡೇ ಕೈ. ಉಳಿದೆರಡು ಅಂಗಿಯ ಒಳಗೆ ಒಬ್ಬರ ಬೆನ್ನನ್ನೊಬ್ಬರು ಬಳಸಿಕೊಂಡಿರುತ್ತಿದ್ದವು. ಒಬ್ಬಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು, ಪ್ರೇಕ್ಷಕರು ಬಂದು ಇನ್ನೊಬ್ಬಳನ್ನು ಚಿವುಟುತ್ತಿದ್ದರು. ಚಿವುಟಿಸಿಕೊಂಡವಳು ಅಂಗಿಯೊಳಗಿನ ಕೈಯಿಂದ ಒತ್ತುತ್ತಿದ್ದಳು, ಕಣ್ಣು ಕಟ್ಟಿಸಿಕೊಂಡವಳು ‘ಅಯ್ಯೋ ಕಿವಿ!’ ಎಂದು ಕೂಗುತ್ತಿದ್ದಳು. ಜನ ಹುಚ್ಚೆದ್ದು ಚಪ್ಪಾಳೆ ತಟ್ಟುತ್ತಿದ್ದರು.

ಈ ಆಟಕ್ಕೆ ಇದ್ದದ್ದು ಒಂದೇ ಕಟ್ಟಳೆ: ಒತ್ತುವ ಮೊದಲು ಕೂಗಬಾರದು. ಶುರುವಿನ ದಿನಗಳಲ್ಲಿ ಅಕ್ಕ ಗಾಬರಿಯಲ್ಲಿ ಒಮ್ಮೆ ಮುಂಚೆಯೇ ಕೂಗಿಬಿಟ್ಟಿದ್ದಳು. ಅವತ್ತು ಯಜಮಾನ ಅವಳ ನೀರಿಳಿಸಿಬಿಟ್ಟಿದ್ದ. ಆಮೇಲೆ ಹದಿನಾಲ್ಕು ವರ್ಷ ಒಂದೇ ಒಂದು ತಪ್ಪಿಲ್ಲ.

ಅಂದ ಹಾಗೆ, ನಾಲ್ಕು ಸಲದ ಒತ್ತೂ ಒಂದಿತ್ತು. ಅದು ಆಟದ್ದಲ್ಲ, ಅವರಿಬ್ಬರದೇ. ‘ಹೆದರಬೇಡ, ನಾನಿದ್ದೀನಿ’ ಎಂದು ಅದರ ಅರ್ಥ. ತಾಯಿಯಿಲ್ಲದ ಚಿಕ್ಕವಳನ್ನು ಅಕ್ಕ ಆ ನಾಲ್ಕು ಒತ್ತಿನಲ್ಲೇ ಸಾಕಿದ್ದಳು ಎನ್ನಬೇಕು.

ಹೀಗಿರುವಾಗ ಚಿಕ್ಕವಳ ಕಣ್ಣು ಮಂಜಾಗತೊಡಗಿತು. ಅವಳು ಆಗ ಡೇರೆ ಹಾಕಿದ್ದ ಊರಿನ ಕನ್ನಡಕದ ಅಂಗಡಿಗೆ ಮುಸುಕು ಹಾಕಿಕೊಂಡು ಒಬ್ಬಳೇ ಹೋದಳು. ಬಾಗಿಲು ದಾಟುವಾಗ ಎಡಗಡೆ ಒಬ್ಬರ ಜಾಗ ಬಿಟ್ಟು, ಅಡ್ಡ ತಿರುಗಿ ಒಳಗೆ ಬಂದಳು. ಅಭ್ಯಾಸ, ಏನು ಮಾಡುವುದು! ಅಂಗಡಿಯವನು ಬಾಗಿಲ ಕಡೆ ಇಣುಕಿ ನೋಡಿ, “ನಿಮ್ಮ ಜೊತೆ ಇನ್ನೂ ಯಾರೋ ಬರ್ತಿದ್ದಾರಾ?” ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ನಲವತ್ತು ದಿನ ಡೇರೆ ಅದೇ ಊರಲ್ಲಿತ್ತು. ಆ ಕನ್ನಡಕಕ್ಕೆ ಹನ್ನೊಂದು ಸಲ ರಿಪೇರಿಯಾಯಿತು, ಅದು ಹಾಳಾಗದಿದ್ದರೂ! ಕೊನೆಗೆ ಅವಳು ಗುಟ್ಟೆಲ್ಲ ಹೇಳಿದಳು. ಅವನು, “ಬೇರೆ ಊರಲ್ಲಿ ಹೊಸ ಅಂಗಡಿ ಹಿಡಿದಿದ್ದೀನಿ. ಅಲ್ಲಿ ನಿನ್ನನ್ನ ಯಾರೂ ನೋಡಿಲ್ಲ. ಮದುವೆ ಆಗೋಣ, ಬಂದುಬಿಡು” ಎಂದ.

ಅಕ್ಕನಿಗೆ ಹೇಳಿದಾಗ ಅಕ್ಕ ತಬ್ಬಿಕೊಂಡಳು. “ಹೋಗೇ, ಸುಖವಾಗಿರು. ನಾನು ಗೇಟಿನಲ್ಲಿ ಟಿಕೆಟ್ ಹರ್ಕೊಂಡು ಇರ್ತೀನಿ” ಎಂದಳು.

ಎರಡು ದಿನಕ್ಕೆ ಚಿಕ್ಕವಳ ಚಪ್ಪಲಿಯೊಳಗೆ ಮೊದಲ ಚೀಟಿ ಸಿಕ್ಕಿತು. ಪ್ರದರ್ಶನದ ಹಳೆಯ ಜಾಹೀರಾತಿನಿಂದ ಅಕ್ಷರ ಕತ್ತರಿಸಿ ಅಂಟಿಸಿದ್ದರು: ‘ನೀನು ಹೋದರೆ ನಿಮ್ಮ ಗುಟ್ಟು ಊರಿಗೆಲ್ಲ ಸಾರುತ್ತೇನೆ. ಜನ ನಿನ್ನ ಅಕ್ಕನನ್ನು ಏನು ಮಾಡುತ್ತಾರೆ ನೋಡಿಕೋ.’

ಚಿಕ್ಕವಳು ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಹೋದ ವರ್ಷ ಇದೇ ತಂಡದಲ್ಲಿ ಒಬ್ಬ ಮೀನು-ಹುಡುಗಿ ಇದ್ದಳು. ಅವಳ ಬಾಲ ಗೋಣಿಯದು ಎಂದು ಗೊತ್ತಾದ ದಿನ ಜನ ಡೇರೆ ಕಿತ್ತರು, ಬೆಂಚು ಮುರಿದರು. ಆ ಹುಡುಗಿ ಇವತ್ತಿಗೂ ಕುಂಟುತ್ತಾಳಂತೆ. ತಾನು ಮದುವೆಯಾಗಿ ಹಾಯಾಗಿರುವುದು, ಇಲ್ಲಿ ಅಕ್ಕ ಒಬ್ಬಳೇ ಜನರ ಕೈಗೆ ಸಿಗುವುದು, ಇದು ಅವಳಿಂದಾಗುವ ಮಾತಲ್ಲ. ಎರಡನೆಯ ಚೀಟಿ ತಲೆದಿಂಬಿನ ಕೆಳಗೆ ಸಿಕ್ಕಿದಾಗ ಅವಳು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು.

“ಯಾರಿರಬಹುದು ಅಕ್ಕಾ?”

“ಕತ್ತಿಯವನೇ ಇರ್ಬೇಕು. ಕೊನೆ ಆಟ ನಮಗೆ ಕೊಟ್ರು ಅಂತ ಮೊದಲಿಂದಲೂ ಹೊಟ್ಟೆ ಉರ್ಕೊಳ್ತಾನೆ.”

ಚಿಕ್ಕವಳಿಗೆ ಅಷ್ಟು ಸಾಕಾಯಿತು. ಆ ಊರಿನ ಕೊನೆಯ ದಿನ ಬೆಳಿಗ್ಗೆ, ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ ಕತ್ತಿಯಣ್ಣನ ಮುಖಕ್ಕೆ ಒಂದು ಚೊಂಬು ನೀರೆರಚಿ ಚೀಟಿ ಹಿಡಿದಳು. “ಉಂಡ ಮನೆಗೆ ಎರಡು ಬಗೀತೀಯಾ? ಡೇರೆ ಗುಟ್ಟು ಮಾರ್ತೀಯಾ?”

ಅವನು ಮುಖ ಒರೆಸಿಕೊಂಡು ಚೀಟಿಯನ್ನು ತಲೆಕೆಳಗಾಗಿ ಹಿಡಿದು ನೋಡಿದ. “ಏನಮ್ಮಾ ಇದು? ನನಗೆ ಕತ್ತಿ ನುಂಗೋಕೆ ಬರುತ್ತೆ, ಅಕ್ಷರ ನುಂಗೋಕೆ ಬರಲ್ಲ. ನಾನು ಶಾಲೆ ಮೆಟ್ಟಿಲೇ ಹತ್ತಿದವನಲ್ಲ.”

ಗಡ್ಡದಮ್ಮ ಹೌದೆಂದು ತಲೆಯಾಡಿಸಿದಳು. ಚಿಕ್ಕವಳಿಗೆ ನಾಚಿಕೆಯಿಂದ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಇವನಲ್ಲದಿದ್ದರೆ ಇನ್ಯಾರು?

ಮಧ್ಯಾಹ್ನ ನಾಲ್ಕರ ಆಟ. ಡೇರೆ ತುಂಬಿ ತುಳುಕುತ್ತಿತ್ತು. ಮೂರನೆಯ ಸಾಲಿನಲ್ಲಿ ಕನ್ನಡಕದವನು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆರು ಗಂಟೆಗೆ ಬಸ್ಸು. ಬರುವುದೋ ಬಿಡುವುದೋ ಚಿಕ್ಕವಳು ಇನ್ನೂ ತೀರ್ಮಾನಿಸಿರಲಿಲ್ಲ. ಯಜಮಾನ ನಗಾರಿ ಬಾರಿಸಿದ, ಪರದೆ ಸರಿಯಿತು, ಅಕ್ಕ-ತಂಗಿ ನಾಲ್ಕು ಕಾಲನ್ನು ಒಂದೇ ತಾಳಕ್ಕೆ ಹಾಕುತ್ತ ಮುಂದೆ ಬಂದರು. ಅಕ್ಕನ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದರು.

ಮೊದಲು ಬಂದ ಹೆಂಗಸು ಚಿಕ್ಕವಳ ಕೆನ್ನೆ ಚಿವುಟಿದಳು. ಚಿಕ್ಕವಳು ಎರಡು ಸಲ ಒತ್ತಿದಳು. “ಅಯ್ಯೋ ಕೆನ್ನೆ!” ಎಂದಳು ಅಕ್ಕ. ಚಪ್ಪಾಳೆ.

ಸೆಕೆಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಚಿಕ್ಕವಳು ಕರವಸ್ತ್ರಕ್ಕೆಂದು ಬಲ ಜೇಬಿಗೆ ಕೈ ಹಾಕಿದಳು. ಬೆರಳಿಗೆ ಮಡಿಸಿದ ಕಾಗದ ತಗುಲಿತು. ಮೂರನೆಯ ಚೀಟಿ! ಅವಳು ಅದನ್ನು ಹೊರಗೆ ತೆಗೆದಿರಲಿಲ್ಲ, ಬಿಚ್ಚಿರಲಿಲ್ಲ, ಉಸಿರೂ ಎತ್ತಿರಲಿಲ್ಲ. ಅಷ್ಟರಲ್ಲಿ ಅವಳ ಸೊಂಟ ಬಳಸಿದ್ದ ಅಕ್ಕನ ಕೈ ಒತ್ತಿತು. ಒಂದು, ಎರಡು, ಮೂರು, ನಾಲ್ಕು.

ಹೆದರಬೇಡ, ನಾನಿದ್ದೀನಿ.

ಚಿಕ್ಕವಳು ಅಕ್ಕನ ಮುಖ ನೋಡಿದಳು. ಕಣ್ಣಿಗೆ ಬಟ್ಟೆ ಗಟ್ಟಿಯಾಗಿಯೇ ಇತ್ತು. ಜೇಬಿಗೆ ಕೈ ಹೋದದ್ದು ಆ ಸೊಂಟದ ಕೈಗೆ ತಿಳಿಯಿತು, ಸರಿ. ಕರವಸ್ತ್ರಕ್ಕೆ ಕೈ ಹಾಕಿದರೆ ಯಾರಾದರೂ ಸಮಾಧಾನ ಹೇಳುತ್ತಾರೆಯೇ? ಅಲ್ಲಿ ಹೆದರುವಂಥದ್ದು ಇದೆ ಎಂದು ಕಣ್ಣು ಕಟ್ಟಿದವಳಿಗೆ ಹೇಗೆ ಗೊತ್ತು? ಇಟ್ಟವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಹದಿನಾಲ್ಕು ವರ್ಷದ ಮೇಲೆ ಅಕ್ಕ ಮತ್ತೆ ಅದೇ ತಪ್ಪು ಮಾಡಿದ್ದಳು. ಚಿವುಟುವ ಮೊದಲೇ ಕೂಗಿದ್ದಳು.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎನ್ನುತ್ತಾರಲ್ಲ, ಇದೇ ಅದು! ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಸವರಿದ ಕೈಯೇ ಚೀಟಿ ಅಂಟಿಸಿತ್ತು. ಕತ್ತಿಯಣ್ಣನ ಮುಖಕ್ಕೆ ನೀರೆರಚಿಸಿದ್ದೂ ಅದೇ ಕೈ. ಚಿಕ್ಕವಳಿಗೆ ಸಿಟ್ಟು ನೆತ್ತಿಗೇರಿತು, ಅಳುವೂ ಬಂತು, ಎರಡೂ ಒಟ್ಟಿಗೆ.

ಒಬ್ಬ ದಾಂಡಿಗ ಮೇಲೆ ಬಂದು ಅವಳ ಕಿವಿಯನ್ನು ಹಿಂಡಿದ. ಅವಳು ಒತ್ತಲಿಲ್ಲ.

ಅಕ್ಕ ಕಾದಳು. ಡೇರೆಯ ಜನ ಕಾದರು. ದಾಂಡಿಗ ಇನ್ನೂ ಜೋರಾಗಿ ಹಿಂಡಿದ. ಚಿಕ್ಕವಳ ಕಣ್ಣಲ್ಲಿ ನೀರು ಬಂತು, ಬೆರಳು ಅಲ್ಲಾಡಲಿಲ್ಲ.

“ಒತ್ತೇ,” ಎಂದಳು ಅಕ್ಕ ತುಟಿ ಅಲುಗಿಸದೆ. ಹಾಗೆ ಮಾತಾಡುವುದು ಇಬ್ಬರಿಗೂ ನೀರು ಕುಡಿದಷ್ಟು ಸಲೀಸು.

“ಚೀಟಿ ಅಂಟಿಸಿದವಳು ನೀನು.”

“ಈಗಲ್ಲ ಕಣೇ, ಒತ್ತು. ಜನ ಕೊಂದುಬಿಡ್ತಾರೆ.”

“ನೀನೇ ತಾನೇ?”

ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಏನ್ರೀ, ನೋವೇ ಆಗಲಿಲ್ವಾ ಇನ್ನೊಬ್ಬಳಿಗೆ?” ಮತ್ತೊಬ್ಬ ಎದ್ದು ನಿಂತ. “ಎಲ್ಲಾ ಬೊಗಳೆ! ಅಂಗಿ ಬಿಚ್ಚಿಸ್ರೋ!” ಬೆಂಚುಗಳು ಕಿರುಗುಟ್ಟಿದವು. ಯಜಮಾನ ನಗಾರಿಯ ಕೋಲನ್ನು ಎದೆಗೆ ಅವುಚಿಕೊಂಡು ಬಿಳಿಚಿ ನಿಂತಿದ್ದ.

“ಹೂಂ, ನಾನೇ,” ಎಂದಳು ಅಕ್ಕ. “ನಾನು ಯಾರಿಗೂ ಹೇಳ್ತಿರಲಿಲ್ಲ ಕಣೇ, ಆಣೆಗೂ. ನೀನು ಹೋಗದೇ ಇದ್ರೆ ಸಾಕಾಗಿತ್ತು. ನನಗೆ ಒಬ್ಬಳೇ ನಿಂತು ಗೊತ್ತಿಲ್ಲ.”

ಇನ್ನು ಎರಡು ನಿಮಿಷ ಸುಮ್ಮನಿದ್ದರೆ ಡೇರೆ ಅಕ್ಕನ ಮೇಲೆ ಬೀಳುತ್ತಿತ್ತು. ಮೂರು ಸಲ ಒತ್ತಿಬಿಟ್ಟರೆ ಎಲ್ಲ ಮೊದಲಿನಂತೆ, ಸಾಯುವತನಕ ಈ ಅಂಗಿಯೊಳಗೆ. ಚಿಕ್ಕವಳು ಮೂರನೆಯ ಸಾಲು ನೋಡಿದಳು. ಕನ್ನಡಕದವನು ಪೆಟ್ಟಿಗೆ ಬಿಟ್ಟು ಎದ್ದು ನಿಂತಿದ್ದ. ಅವಳು ದಾಂಡಿಗನ ಕೈ ಕೊಡವಿ, ಬಲಗೈ ಮೇಲೆತ್ತಿ, ಗಂಟಲು ಹರಿಯುವಂತೆ ಕೂಗಿದಳು.

“ಮಹಾಜನಗಳೇ! ನೋವಾಗಲಿಲ್ಲ ಯಾಕೆ ಗೊತ್ತಾ? ನಮ್ಮ ನಂಟು ಬಿಡೋ ಗಳಿಗೆ ಬಂತು! ಹುಟ್ಟಿದಾಗಿನಿಂದ ಅಂಟಿಕೊಂಡವರು ಇವತ್ತು ನಿಮ್ಮ ಕಣ್ಣೆದುರಿಗೇ ಬೇರೆ ಆಗ್ತೀವಿ! ಎಲ್ಲೂ ನಡೆಯದೇ ಇರೋದು ಇಲ್ಲಿ ನಡೆಯುತ್ತೆ! ಕತ್ತಿಯಣ್ಣಾ, ಬಾ ಮೇಲಕ್ಕೆ! ಒಂದು ತೊಟ್ಟು ರಕ್ತ ಬಿದ್ರೆ ಈ ಡೇರೆಗೆ ಬೆಂಕಿ ಇಡ್ರಪ್ಪಾ!”

ಎದ್ದವರು ನಿಂತಲ್ಲೇ ನಿಂತರು. ಯಜಮಾನ ಎಷ್ಟೆಂದರೂ ಹಳೇ ಹುಲಿ. ಅರ್ಥವಾಗದಿದ್ದರೂ ನಗಾರಿಯನ್ನು ಢಮಢಮ ಬಾರಿಸತೊಡಗಿದ. ಕತ್ತಿಯಣ್ಣ ಪರದೆಯ ಹಿಂದಿನಿಂದ ಬಂದು, ಕತ್ತಿಯನ್ನು ಮೊದಲು ಹಿಡಿಯತನಕ ನುಂಗಿ ಹೊರಗೆಳೆದು, ಜನರ ಉಸಿರು ನಿಲ್ಲಿಸಿಯೇ ಹತ್ತಿರ ನಿಂತ.

“ಬೆಳಿಗ್ಗೆ ನೀರೆರಚಿದ ಕೈ ಇದೇನಾ?” ಎಂದ ಮೆಲ್ಲಗೆ.

“ಹೌದಣ್ಣಾ. ತಪ್ಪಾಯ್ತು.”

“ಅಲ್ಲಾಡದೆ ನಿಂತ್ಕೋ.”

ಎರಡು ಕೊರಳಿನ ನಡುವೆ ಕತ್ತಿಯ ತುದಿ ಇಳಿಯಿತು. ಹೊಲಿಗೆ ಪರಪರನೆ ಬಿಟ್ಟುಕೊಂಡಿತು. ಎದೆ, ಸೊಂಟ, ಅಂಗಿಯ ಕೆಳಗಿನ ಅಂಚು. ಬಟ್ಟೆ ಎರಡು ಹೋಳಾಗಿ ಒಬ್ಬೊಬ್ಬರ ಮೈಮೇಲೆ ಒಂದೊಂದು ಉಳಿದಾಗ ಒಳಗಿಂದ ಬೆಳಕು ಕಾಣದೆ ಬಿಳಿಚಿದ್ದ ಎರಡು ಕೈಗಳು ಹೊರಬಂದವು. ಒಂದು ತೊಟ್ಟು ರಕ್ತವಿಲ್ಲ. ಚಿಕ್ಕವಳು ಒಂದು ಹೆಜ್ಜೆ ಬಲಕ್ಕಿಟ್ಟಳು. ಮತ್ತೊಂದು. ನಡುವೆ ಗಾಳಿಯಾಡಿತು.

ಅಬ್ಬಬ್ಬಾ, ಆ ಗದ್ದಲ! ಟೋಪಿಗಳು ಹಾರಿದವು, ಬಡಿಯಲು ಎದ್ದಿದ್ದವರೇ ಒಬ್ಬರನ್ನೊಬ್ಬರು ತಬ್ಬಿಕೊಂಡರು, ಗಡ್ಡದಮ್ಮ ಗಡ್ಡ ತೋಯುವಂತೆ ಅತ್ತಳು. ಎಲುಬು ಮುರಿಸಬೇಕಿದ್ದ ಗುಟ್ಟು ಚಪ್ಪಾಳೆ ಗಿಟ್ಟಿಸಿತ್ತು. ಇನ್ನು ಆ ಗುಟ್ಟಿನಿಂದ ಯಾರೂ ಯಾರನ್ನೂ ಹೆದರಿಸುವಂತಿರಲಿಲ್ಲ. ಚಿಕ್ಕವಳು ಜೇಬಿನ ಚೀಟಿಯನ್ನು ಓದದೆಯೇ ಹರಿದು ಬಿಸಾಡಿದಳು. ಜನ ಅದೂ ಮಂತ್ರವೇ ಎಂದುಕೊಂಡು ಚೂರುಗಳಿಗೆ ಮುಗಿಬಿದ್ದರು.

ಅಕ್ಕ ಕಣ್ಣಿನ ಬಟ್ಟೆ ತೆಗೆದು ನಿಂತಿದ್ದಳು, ಸ್ವಲ್ಪ ಬಲಕ್ಕೆ ವಾಲಿಕೊಂಡು. ಚಿಕ್ಕವಳು ಅವಳ ಕಡೆ ನೋಡದೆ ಮೆಟ್ಟಿಲಿಳಿದಳು. ನೋಡಿದರೆ ಹೋಗಲಾಗುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಡೇರೆಯ ಬಾಗಿಲು ಮುಟ್ಟುವಷ್ಟರಲ್ಲಿ ಒಬ್ಬ ಅನುಮಾನದ ಅಜ್ಜಿ ವೇದಿಕೆ ಹತ್ತಿದಳು. “ನಿಜವಾಗ್ಲೂ ಬೇರೆ ಆದ್ರೋ ಇಲ್ವೋ, ನಾನು ತೋಳು ಚಿವುಟಿ ನೋಡ್ಬೇಕು” ಎಂದವಳೇ ಅಕ್ಕನ ತೋಳನ್ನು ತಿರುಚಿ ಚಿವುಟಿದಳು. ಇಡೀ ಡೇರೆ ಸರಕ್ಕನೆ ಬಾಗಿಲ ಕಡೆ ತಿರುಗಿತು. ಅಕ್ಕನೂ ಅಲ್ಲೇ ನೋಡುತ್ತಿದ್ದಳು. ಅವಳ ಬಲಗೈ ಇನ್ನೂ ಯಾರದೋ ಸೊಂಟ ಬಳಸಿದಂತೆ ಬಾಗಿತ್ತು, ಬೆರಳು ಗಾಳಿಯನ್ನೇ ಒಂದು ಸಲ ಒತ್ತಿತು. ಒಂದು ಎಂದರೆ ತೋಳು.

ಚಿಕ್ಕವಳು ತುಟಿ ಕಚ್ಚಿ ಸುಮ್ಮನೆ ನಿಂತಳು.

“ಆದ್ರು! ಬೇರೆ ಆದ್ರು!” ಎಂದು ಅಜ್ಜಿ ಸಾರಿದಳು. ಮತ್ತೆ ಚಪ್ಪಾಳೆಯ ಸುರಿಮಳೆ. ಚಿಕ್ಕವಳು ಬಾಗಿಲು ದಾಟಿದಳು, ಎಡಗಡೆ ಒಬ್ಬರ ಜಾಗ ಬಿಟ್ಟು, ಅಡ್ಡ ತಿರುಗಿ.

ಬಸ್ಸಿನಲ್ಲಿ ಕನ್ನಡಕದವನು ತುಂಬ ಹೊತ್ತು ನೋಡಿ ಕೇಳಿದ: “ಯಾಕೆ ತೋಳು ಉಜ್ಕೊಳ್ತಾನೇ ಇದ್ದೀಯ?”

“ಅಕ್ಕನ್ನ ಚಿವುಟಿದ್ರಲ್ಲ.”

“ನಿನಗೆ ನೋವಾಯ್ತಾ?”

“ಆಯ್ತು,” ಎಂದಳು. ಕಣ್ಣೀರು ಒಂದೇ ಸಮನೆ ಸುರಿಯುತ್ತಿತ್ತು. “ಆ ಅಜ್ಜಿ ಇನ್ನೂ ಸ್ವಲ್ಪ ಜೋರಾಗಿ ಚಿವುಟಬೇಕಾಗಿತ್ತು.”