ತಿಪ್ಪೆಯ ಮೇಲಿನ ಹೆಸರು

ನನ್ನ ಹೆಸರು ತಿಪ್ಪಕ್ಕ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಪುರುಸೊತ್ತು ಸಿಗುವುದಿಲ್ಲ.

ನನಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಕಣ್ಣುಮುಚ್ಚಿದವಂತೆ. ಹಾಗಾಗಿ ನಾನು ಹುಟ್ಟಿದಾಗ ನಮ್ಮಮ್ಮ ಕದಿರಮ್ಮ ನನ್ನನ್ನು ಮೊರದಲ್ಲಿಟ್ಟು, ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, ಇದು ಯಾರಿಗೂ ಬೇಡವಾದ ಕಸ ಎಂದು ಸಾವಿಗೆ ತೋರಿಸಿದಳು. ಯಾರೋ ಎತ್ತಿಕೊಂಡರು, ಇವಳು ತೌಡು ಕೊಟ್ಟು ಮತ್ತೆ ಕೊಂಡುಕೊಂಡಳು. ಕಸಕ್ಕೆ ಸಾವು ಕೈಹಾಕುವುದಿಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ. ನಾನೇನೋ ಬದುಕಿದೆ. ಹೆಸರೂ ನನ್ನ ಜೊತೆಗೇ ಬದುಕಿತು.

ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಹಾಜರಿ ಕೂಗುವಾಗ ನನ್ನ ಸರದಿ ಬಂದ ಕೂಡಲೇ ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮದುವೆಯಲ್ಲಾದರೂ ಪೀಡೆ ತೊಲಗುತ್ತದೆ ಅಂದುಕೊಂಡಿದ್ದೆ. ನನ್ನ ಗಂಡ ವೆಂಕಟೇಶಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಅವರ ಮನೆಯವರು ಧಾರೆಗೆ ಮುಂಚೆ, ಹುಡುಗಿಗೆ ಸುಮಿತ್ರಾ ಎಂದು ಹೆಸರಿಡೋಣ ಅಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ನಮ್ಮಮ್ಮ ಚಪ್ಪರದ ನಡುವೆ ಬಂದು ನಿಂತಳು.

"ಬ್ಯಾರೆ ಎಸ್ರು ಇಡಂಗಿದ್ರೆ ಈ ಮದ್ವೇನೇ ಬ್ಯಾಡ. ಎದ್ದೇಳೇ ಮ್ಯಾಕೆ!"

ಅತ್ತೆ ಮನೆಯವರು ಬೆಪ್ಪಾಗಿ ಒಪ್ಪಿಕೊಂಡರು. ಸುಮಿತ್ರಾ ಅಲ್ಲಿಗೇ ಸತ್ತಳು. ಹೆತ್ತ ಮಗಳಿಗೆ ಒಂದು ಒಳ್ಳೆ ಹೆಸರು ಬರುವುದನ್ನೂ ಸಹಿಸದ ಇವಳೆಂಥ ತಾಯಿ ಎಂದು ಅವತ್ತಿನಿಂದ ನಾನು ಅವಳ ಮುಖ ನೋಡಿ ಮಾತಾಡಿದ್ದು ಕಡಿಮೆ.

ಎಂಬತ್ತಾರರ ಬೇಸಿಗೆಯಲ್ಲಿ ನನ್ನ ತಮ್ಮ ಕೋದಂಡ ಬೂದಿಕೋಟೆ ಹತ್ತಿರದ ನಮ್ಮೂರಿನಿಂದ ಗಣಿ ಪಕ್ಕದ ಊರಿಗಾಂಗೆ, ಕಂಪನಿ ಕೊಟ್ಟ ನಮ್ಮ ಲೈನು ಮನೆಗೆ ಬಂದ. ಬಾಗಿಲಲ್ಲೇ ನಿಂತು ಹೇಳಿದ.

"ಅಕ್ಕ, ಶುಕ್ರವಾರ ಪಾಪೂಗೆ ಎಸ್ರಿಡಾದು. ತಿಪ್ಪೆ ಮ್ಯಾಲಿಂದ ನೀನೇ ಎತ್ಕಬೇಕಂತೆ. ಅಮ್ಮ ಏಳ್ಕಳ್ಸವ್ಳೆ."

ಕೋದಂಡನ ಮೊದಲ ಮಗ ಚಿರಂಜೀವಿ. ಆ ಹೆಸರಿಟ್ಟು ಒಂದು ತಿಂಗಳೂ ತುಂಬಲಿಲ್ಲ, ಕೂಸು ಜ್ವರದಲ್ಲಿ ತೀರಿಹೋಯಿತು. ಎರಡನೆಯದು ಸೌಭಾಗ್ಯ, ಹಲ್ಲು ಮೂಡುವ ಮುಂಚೆ ಕಾಮಾಲೆಯಲ್ಲಿ ಹೋಯಿತು. ಈ ಮೂರನೆಯದು ಹೆಣ್ಣು, ಇದನ್ನು ನಾನೇ ಹಟಹಿಡಿದು ಬಂಗಾರಪೇಟೆ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ದೆ. ತಿಪ್ಪೆಯಿಂದ ಯಾರು ಎತ್ತಿಕೊಳ್ಳುತ್ತಾರೋ ಅವರು ಕೂಗಿದ್ದೇ ಹೆಸರು. ಸೋದರತ್ತೆ ಕೂಗಿದರೆ ಇನ್ನೂ ಗಟ್ಟಿ. ಏನು ಕೂಗಬೇಕು ಎಂದು ಅಮ್ಮ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನನ್ನ ಹೆಸರೇ.

ಆ ವಾರವೆಲ್ಲ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನಾನು ಲೈನಿನ ಬಾಲವಾಡಿಯಲ್ಲಿ ಟೀಚರು. ದಿನಾ ಹಾಜರಿ ಕೂಗುವುದು ನನ್ನದೇ ಕೆಲಸ. ಭೀಮಸೇನ ಎಂದರೆ ಕಡ್ಡಿಯಂಥ ಹುಡುಗ ಎದ್ದು ನಿಲ್ಲುತ್ತಾನೆ. ಧನಲಕ್ಷ್ಮಿಯ ಲಂಗಕ್ಕೆ ಗುಂಡಿಯಿಲ್ಲ, ಶಾಂತಿ ಎಲ್ಲರನ್ನೂ ಕಚ್ಚುತ್ತಾಳೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹೆಸರಿನ ಅರ್ಥ ಯಾರ ಕೈಯನ್ನೂ ಹಿಡಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಹಾಗಿದ್ದ ಮೇಲೆ ಕಸದ ಹೆಸರು ಮಾತ್ರ ಜೀವ ಕಾಯುತ್ತದೆಯೇ? ಅದೂ ಸುಳ್ಳೇ ಆಗಬೇಕಲ್ಲ! ಆದರೆ ಮೂಗು ಮುಚ್ಚಿಕೊಂಡ ಆ ಹುಡುಗರು ಸುಳ್ಳಾಗಿರಲಿಲ್ಲ.

ಗುರುವಾರ ರಜೆ ಹಾಕಿ ರೈಲು ಹತ್ತಿದೆ. ಸೈನೈಡ್ ದಿಬ್ಬಗಳು ಕಿಟಕಿಯಲ್ಲಿ ಹಿಂದೆ ಸರಿದವು. ಬಂಗಾರ ತೆಗೆದು ಬಿಸಾಡಿದ ಮಣ್ಣು, ಅದೂ ಒಂದು ತಿಪ್ಪೆಯೇ, ಕಂಪನಿಯವರದು ಅಷ್ಟೆ. ಬಂಗಾರಪೇಟೆಯಲ್ಲಿ ಇಳಿದು ಬೂದಿಕೋಟೆ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅಮ್ಮನ ಜೊತೆ ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ. ಮನೆಗೆ ಹೋಗಿ ಚಪ್ಪಲಿ ಬಿಟ್ಟವಳೇ ಬಾಯಲ್ಲೇ ಶುರುಮಾಡಿದೆ.

"ಎಸ್ರಿಂದ ಜೀವ ಉಳ್ಯಾದಾದ್ರೆ ಆಸ್ಪತ್ರೆ ಯಾಕಮ್ಮ? ಸೂಜಿ ಮದ್ದು ಯಾಕೆ?"

ಅಮ್ಮ ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ಸೂಜೀನೂ ಆಕ್ಸು, ಎಸ್ರೂ ಇಡು. ನೀನು ಉಳೀಲಿಲ್ವಾ? ಗುಂಡುಕಲ್ಲಿದ್ದಂಗೆ ನಿಂತಿದೀಯ ಎದುರ್ಗೆ."

"ಉಳ್ದೆ. ಯಾವ ಮರ್ವಾದೇಲಿ ಉಳ್ದೆ?"

"ಮರ್ವಾದೆ ಆಮ್ಯಾಲೆ ಸಂಪಾದ್ಸ್ಕಬೌದು," ಎಂದಳು. ಮೊರ ಕೊಡವಿ ಎದ್ದು ಒಳಗೆ ಹೋದಳು.

ಸಂಜೆ ತಮ್ಮನ ಹೆಂಡತಿ ಗಂಗರತ್ನ ಕೊಟ್ಟಿಗೆಯ ಹಿಂದೆ ನನ್ನನ್ನು ಕರೆದಳು. ಬಾಣಂತಿ, ತಲೆಗೆ ಬಟ್ಟೆ ಕಟ್ಟಿದ್ದಳು, ಕಣ್ಣು ಊದಿಕೊಂಡಿದ್ದವು.

"ಅತ್ತಿಗೆ, ನಿಮ್ಮ ಕಾಲಿಗ್ ಬೀಳ್ತೀನಿ. ಆ ಎಸ್ರು ಕೂಗ್ಬೇಡಿ. ಚಂದ್ರಕಲಾ ಅಂತ ಕೂಗ್ಬಿಡಿ. ಒಂದ್ಸಾರಿ ಕೂಗಿದ್ ಮ್ಯಾಲೆ ಅತ್ತೆ ಏನೂ ಮಾಡಕ್ಕಾಗಲ್ಲ."

"ನಿಂಗೆ ಭಯ ಇಲ್ವಾ?"

"ಅದೆ," ಅಂದಳು. "ಭಯ ಇದ್ರೂ ನನ್ ಮಗು ಕಸ ಅಲ್ಲ."

ನನಗೆ ಕಣ್ಣಲ್ಲಿ ನೀರು ಬಂತು. ಈ ಮಾತನ್ನು ನನ್ನ ಪರವಾಗಿ ಒಬ್ಬರಾದರೂ ಆಡಬಾರದಿತ್ತೇ? ಕೂಗುತ್ತೇನೆ ಎಂದು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಮಾತು ಕೊಟ್ಟ ಗಳಿಗೆಯಿಂದ ಇನ್ನೊಂದು ಸಂಕಟ ಹಿಡಿಯಿತು. ನಾಳೆ ಆ ಕೂಸಿಗೆ ಒಂದು ನೆಗಡಿಯಾದರೂ ಅದು ನನ್ನ ಬಾಯಿಂದಲೇ ಬಂದದ್ದಾಗುತ್ತದೆ.

ಬೆಳಗ್ಗೆ ಹಿತ್ತಲ ತಿಪ್ಪೆಯ ಮೇಲೆ ಒಂದು ಕಡೆ ಗುಡಿಸಿ, ಅರಿಶಿನ ಕುಂಕುಮ ಇಟ್ಟಿದ್ದರು. ಅಮ್ಮ ಮೊರಕ್ಕೆ ಹಳೇ ಸೀರೆಯ ತುಂಡು ಹಾಸಿ ಕೂಸನ್ನು ಮಲಗಿಸಿದಳು. ಬೆರಣಿ ತಟ್ಟುತ್ತಿದ್ದ ಪಕ್ಕದ ಮನೆಯ ಪಾಪಕ್ಕನೂ ಕೈತೊಳೆದು ಬಂದು ನಿಂತಳು. ನಾನು ದಾರಿಹೋಕಳ ಹಾಗೆ ಬೇಲಿಯ ಆಚೆಯಿಂದ ಬರಬೇಕು. ಬಂದೆ.

"ಯಾರದಮ್ಮ ಈ ಮಗು?" ಎಂದು ಕೇಳಿದೆ. ಹಾಗೇ ಕೇಳಬೇಕು, ಎಲ್ಲರೂ ಅಲ್ಲ ಅನ್ನಬೇಕು.

"ನಂದಲ್ಲ," ಎಂದಳು ಪಾಪಕ್ಕ.

"ನಮ್ದಲ್ಲ," ಎಂದ ಕೋದಂಡ, ನೆಲ ನೋಡುತ್ತಾ.

ಎಲ್ಲರೂ ಗಂಗರತ್ನನ ಕಡೆ ತಿರುಗಿದರು. ಹೆತ್ತವಳೂ ನಂದಲ್ಲ ಅಂದರೇ ಶಾಸ್ತ್ರ ಪೂರ್ತಿ. ಅವಳು ಮೊರದ ಕಡೆ ಒಂದು ಹೆಜ್ಜೆ ಇಟ್ಟಳು. ಮೊರದಲ್ಲಿ ಕೂಸು ಕೈ ಬಡಿಯುತ್ತಿದ್ದುದು ಥಟ್ಟನೆ ನಿಂತಿತು. ಒಂದು ನೊಣ ಬಂದು ಅದರ ಕೆನ್ನೆಯ ಮೇಲೆ ಕೂತಿತು, ಕೂಸು ಮಿಸುಕಲಿಲ್ಲ. ಗಂಗರತ್ನ ಅದನ್ನು ನೋಡಿದಳು.

"ನಂದಲ್ಲ!" ಎಂದು ಚೀರಿದಳು. "ನಂದಲ್ಲ, ನಂದಲ್ಲ! ಯಾರಾನಾ ಎತ್ಕಂಡೋಗಿ!"

ಇಂಥ ಸುಳ್ಳನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇದೇ ತಿಪ್ಪೆಯ ಮುಂದೆ ನಿಂತು ಒಬ್ಬಳು ನನ್ನನ್ನೂ ಹೀಗೇ ನಂದಲ್ಲ ಅಂದಿರಬೇಕು ಎಂದು ಆಗ ಹೊಳೆಯಿತು. ಹೀಗೇ ಗಂಟಲು ಹರಿದುಕೊಂಡು ಅಂದಿರಬೇಕು. ಓಡಿ ಹೋಗಿ ಕೂಸನ್ನು ಎತ್ತಿ ಎದೆಗೆ ಅವುಚಿಕೊಂಡೆ. ಬೆಚ್ಚಗಿತ್ತು. ನಿದ್ದೆ ಹೋಗಿತ್ತು, ಅಷ್ಟೆ. ಮಾತು ಕೊಟ್ಟದ್ದು ನೆನಪಿತ್ತು, ಚಂದ್ರಕಲಾ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆಗೆದೆ.

"ತಿಪ್ಪಕ್ಕ!" ಎಂದು ಕೂಗಿದೆ. ಬೇಲಿಯ ಆಚೆಗೂ ಕೇಳುವ ಹಾಗೆ, ಸಾವಿಗೆ ಕಿವುಡಿದ್ದರೂ ಕೇಳುವ ಹಾಗೆ ಕೂಗಿದೆ. ಬದುಕಲಿ, ಆಮೇಲೆ ಯಾರು ಬೇಕಾದರೂ ಮೂಗು ಮುಚ್ಚಿಕೊಳ್ಳಲಿ.

ಗಂಗರತ್ನ ತೌಡಿನ ಸೇರನ್ನು ನನ್ನ ಸೆರಗಿಗೆ ಸುರಿದು ಕೂಸನ್ನು ಕಿತ್ತುಕೊಂಡಳು. ಬೈಯುತ್ತಾಳೆ ಎಂದು ಕಾದೆ. ಅವಳು ನನ್ನ ಹೆಗಲಿಗೆ ಹಣೆಯಿಟ್ಟು ಬಿಕ್ಕಿದಳು.

"ಒಳ್ಳೇದು ಮಾಡಿದ್ರಿ ಅತ್ತಿಗೆ. ನೀವು ಬಾಯ್ ತೆಗ್ದಾಗ ನನ್ ಜೀವ ಓಗಿತ್ತು, ಎಲ್ಲಿ ನಾನ್ ಏಳಿದ್ ಎಸ್ರು ಅಂದ್ಬಿಡ್ತೀರೋ ಅಂತ." ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು. "ಅದು ನನ್ ಒಟ್ಟೇಲೇ ಇರ್ಲಿ. ಯಾರ್ಗೂ ಏಳಲ್ಲ. ನೀವೂ ಮರ್ತ್ಬಿಡಿ."

ನಾನು ಅಲ್ಲೇ ನಿಂತುಬಿಟ್ಟೆ. ಸೆರಗಿನಿಂದ ತೌಡು ಸೋರುತ್ತಿತ್ತು. ಅಮ್ಮ ಮೊರ ಎತ್ತಿಕೊಂಡು ಬಾವಿಕಟ್ಟೆಯ ಕಡೆ ನಡೆದಿದ್ದಳು. ಹಿಂದೆಯೇ ಹೋದೆ. ಎಷ್ಟೋ ವರ್ಷದ ಮೇಲೆ ಅವಳ ಮುಖ ನೋಡಿ ಮಾತಾಡಿದೆ.

"ಅಮ್ಮ, ನಂಗೂ ಬ್ಯಾರೆ ಒಂದು ಎಸ್ರು ಅನ್ಕಂಡಿದ್ಯಾ ನೀನು?"

ಮೊರ ತೊಳೆಯುತ್ತಿದ್ದ ಕೈ ನಿಂತಿತು. ಆ ಮುಖ ನೋಡಿದರೆ ಸಾಕಿತ್ತು.

"ಏನು ಅಂತ ಏಳಮ್ಮ."

"ಏಳಲ್ಲ ಓಗು."

"ಅಮ್ಮ, ನಂಗೀಗ ಮೂವತ್ತು ದಾಟ್ತು. ಎರಡು ಮಕ್ಳ ತಾಯಿ ಆಗಿದೀನಿ. ಈಗ ಏಳಿದ್ರೆ ಏನಾಗ್ತದೆ?"

ಅವಳು ಬೇಲಿಯ ಕಡೆ ನೋಡಿದಳು, ಮನೆಯ ಕಡೆ ನೋಡಿದಳು, ಯಾರೂ ಇರಲಿಲ್ಲ. ಆದರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ಬ್ಯಾಡ ಕಣೇ," ಅಂದಳು, "ನೀನಿನ್ನೂ ಬದ್ಕಿದೀಯ."